ರೆಫರಿ ತಪ್ಪಿದರೆ ಯಾರನ್ನು ಕೇಳೋದು?

ಮಳೆ ನಿಂತು ಮೈದಾನ ಒಣಗಿತು ಅಂದ್ರೆ ಕಾರವಾರದಿಂದ ಭಟ್ಕಳದವರೆಗೆ ಫುಟ್‌ಬಾಲ್ ಟೂರ್ನಮೆಂಟ್ ಶುರು. ಜೊತೆಗೇ ರೆಫರಿ ಮೇಲಿನ ದೂರೂ ಶುರು. ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ನಾಲ್ವರೂ ಕೇಳಿದ್ದಾರೆ, ಹಾಗಾಗಿ ಊರು ಮಾತ್ರ.

ಪ್ರಶ್ನೆ: ನಮಸ್ಕಾರ ಸರ್. ನಾನು ಡಿಫೆಂಡರ್. ಕ್ವಾರ್ಟರ್ ಫೈನಲ್‌ನಲ್ಲಿ ಚೆಂಡು ನನ್ನ ಭುಜಕ್ಕೆ ಬಡಿಯಿತು, ಕೈಗಲ್ಲ. ರೆಫರಿ ಪೆನಾಲ್ಟಿ ಕೊಟ್ಟರು. ನಾವೆಲ್ಲ ಓಡಿಹೋಗಿ ಹೇಳಿದೆವು, ಕಿವಿಗೇ ಹಾಕಿಕೊಳ್ಳಲಿಲ್ಲ. ಸಿಟ್ಟಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು, ಕೆಂಪು ಕಾರ್ಡ್ ತೋರಿಸಿದರು. ಭುಜಕ್ಕೇ ತಾಗಿದ್ದು ಅಂತ ಆ ಬದಿಯ ಲೈನ್ಸ್‌ಮನ್ ಮ್ಯಾಚ್ ಮುಗಿದ ಮೇಲೆ ಹೇಳಿದರು! ಈಗ ಮುಂದಿನ ಟೂರ್ನಮೆಂಟ್‌ನಲ್ಲಿ ನನಗೆ ಎರಡು ಪಂದ್ಯ ನಿಷೇಧ, ರೆಫರಿಗೆ ಏನೂ ಇಲ್ಲ. ತಪ್ಪು ಅವರದ್ದು, ಶಿಕ್ಷೆ ನನಗೆ. ಇದ್ಯಾವ ನ್ಯಾಯ? (ಓದುಗ, ಕಾರವಾರ)

ಉತ್ತರ: ಮೊದಲು ನಿಮ್ಮ ಪರವಾಗಿ ಇರೋದನ್ನು ಹೇಳ್ತೇನೆ. ನೀವು ಬರೆದ ಹಾಗೇ ಆಗಿದ್ದರೆ ಅದು ಪೆನಾಲ್ಟಿ ಅಲ್ಲ. ಹ್ಯಾಂಡ್‌ಬಾಲ್ ವಿಷಯದಲ್ಲಿ ಕೈ ಎಲ್ಲಿಂದ ಶುರು ಅನ್ನೋದನ್ನು ನಿಯಮ ಸ್ಪಷ್ಟವಾಗಿ ಹೇಳಿದೆ. ಕಂಕುಳಿನ ಕೆಳಗಿನ ಗೆರೆಯಿಂದ ಆಚೆಗಿನದು ಕೈ, ಅದರ ಮೇಲಿನದು ಭುಜ. ಭುಜಕ್ಕೆ ಬಡಿದರೆ ಆಟ ಮುಂದುವರಿಯಬೇಕು.

ಆದರೆ ಕೆಂಪು ಕಾರ್ಡೂ ಸರಿಯೇ. ರೆಫರಿ ತೀರ್ಮಾನಕ್ಕೆ ಮಾತಲ್ಲಿ, ಕೈಸನ್ನೆಯಲ್ಲಿ ವಿರೋಧ ತೋರಿಸಿದರೆ ಹಳದಿ ಕಾರ್ಡ್, ಅಂದ್ರೆ ಎಚ್ಚರಿಕೆ. ಬೈದರೆ, ಅವಮಾನ ಮಾಡಿದರೆ ನೇರ ಕೆಂಪು, ಅಂದ್ರೆ ಮೈದಾನದಿಂದ ಹೊರಗೆ. ಅವರ ತೀರ್ಮಾನ ಸರಿಯೋ ತಪ್ಪೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರು ತಪ್ಪಿದರು ಅಂತ ನಿಮಗೆ ಬೈಯುವ ಹಕ್ಕು ಬರೋದಿಲ್ಲ.

ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಆ ಪೆನಾಲ್ಟಿಯನ್ನು ತಪ್ಪಿಸಬಹುದಿತ್ತು. ತನ್ನ ತೀರ್ಮಾನ ತಪ್ಪು ಅಂತ ಗೊತ್ತಾದರೆ, ಇಲ್ಲವೇ ಲೈನ್ಸ್‌ಮನ್ ಹೇಳಿದರೆ, ರೆಫರಿ ಅದನ್ನು ಬದಲಾಯಿಸಬಹುದು. ಆಟ ಮತ್ತೆ ಶುರುವಾಗುವ ಮೊದಲು ಮಾತ್ರ. ಪೆನಾಲ್ಟಿ ಒದ್ದಾಯಿತು ಅಂದ್ರೆ ಮುಗಿಯಿತು, ಹಿಂದೆ ಹೋಗೋ ಹಾಗಿಲ್ಲ. ಅಂದ್ರೆ ಸೀಟಿ ಊದಿದ್ದಕ್ಕೂ ಚೆಂಡು ಒದ್ದಿದ್ದಕ್ಕೂ ನಡುವೆ ನಿಮಗೆ ಸ್ವಲ್ಪ ಹೊತ್ತು ಇತ್ತು. ಆ ಹೊತ್ತಲ್ಲಿ ನೀವು ಏನು ಮಾಡಿದಿರಿ? ಏಳೆಂಟು ಜನ ಹೋಗಿ ರೆಫರಿಯನ್ನು ಸುತ್ತುಗಟ್ಟಿದಿರಿ. ಅವರು ಕೈ ಮುಂದೆ ಚಾಚಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡ್ತಾ ಇರ್ತಾರೆ, ನಾಲ್ಕು ಬಾಯಿ ಒಟ್ಟಿಗೆ ಕೂಗ್ತಾ ಇರ್ತದೆ, ಆ ಗುಂಪಿನ ಆಚೆ ಬಾವುಟ ಹಿಡಿದು ನಿಂತ ಲೈನ್ಸ್‌ಮನ್ ಅವರ ಕಣ್ಣಿಗೆ ಬೀಳೋದೇ ಇಲ್ಲ. ಇಡೀ ಮೈದಾನದಲ್ಲಿ ನಿಮ್ಮನ್ನು ಉಳಿಸಬಹುದಾಗಿದ್ದ ಒಬ್ಬನೇ ಮನುಷ್ಯನಿಗೆ ನಿಮ್ಮವರೇ ಅಡ್ಡ ನಿಂತರು. ಕ್ಯಾಪ್ಟನ್ ಒಬ್ಬನೇ ಹೋಗಿ, "ಸರ್, ಭುಜಕ್ಕೆ ತಾಗಿದ್ದು, ಒಂದ್ಸಲ ಲೈನ್ಸ್‌ಮನ್ ಹತ್ರ ಕೇಳಿ ನೋಡಿ" ಅಂದಿದ್ದರೆ ಅವರು ಕೇಳ್ತಿದ್ದರು ಅಂತ ಖಾತ್ರಿ ಕೊಡಲಾರೆ. ಕೇಳುವ ಸಾಧ್ಯತೆಯಾದರೂ ಇರ್ತಿತ್ತು.

ಆ ಲೈನ್ಸ್‌ಮನ್ ಬಗ್ಗೆಯೂ ಹೇಳಲೇಬೇಕು. ಕಂಡಿದ್ದನ್ನು ಆಗಲೇ ಬಾವುಟ ಎತ್ತಿ ಹೇಳೋದು ಅವರ ಕೆಲಸ. ಪಂದ್ಯ ಮುಗಿದ ಮೇಲೆ ಹೇಳಿ ಯಾರಿಗೆ ಉಪಯೋಗ? "ರೆಫರಿಗೆ ಏನೂ ಇಲ್ಲ" ಅಂತ ನೀವು ಕೇಳಿದ್ದಕ್ಕೆ ಕುಮಟಾದವರ ಪ್ರಶ್ನೆಯಲ್ಲಿ ಉತ್ತರ ಇದೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಪಿಇ ಟೀಚರ್. ಮಕ್ಕಳು ಟಿವಿ ನೋಡಿ ನೋಡಿ ಸೀಟಿ ಊದಿದ ತಕ್ಷಣ ವಿಡಿಯೊ ನೋಡಿ ಅಂತ ಗಾಳಿಯಲ್ಲಿ ಟಿವಿಯ ಚೌಕ ಬರೆದು ತೋರಿಸ್ತಾರೆ, ಎದುರಾಳಿಗೆ ಕಾರ್ಡ್ ಕೊಡಿ ಅಂತ ಕೈ ಎತ್ತುತ್ತಾರೆ, ಗುಂಪಾಗಿ ಮೈಮೇಲೆ ಬರ್ತಾರೆ. ಹೇಳಿದರೆ "ದೊಡ್ಡ ಪ್ಲೇಯರ್‌ಗಳೇ ಮಾಡ್ತಾರಲ್ಲ ಸರ್" ಅಂತಾರೆ. ಏನು ಮಾಡೋದು? (ಶಿಕ್ಷಕರು, ಶಿರಸಿ)

ಉತ್ತರ: ದೊಡ್ಡವರು ಮಾಡ್ತಾರೆ ಅನ್ನೋದು ನಿಜ ಮೇಷ್ಟ್ರೇ, ಮಕ್ಕಳು ಸುಳ್ಳು ಹೇಳ್ತಾ ಇಲ್ಲ. ಹಾಗೆ ಮಾಡಿದ ದೊಡ್ಡವರಿಗೆ ಏನಾಯ್ತು ಅನ್ನೋದನ್ನೂ ಅವರಿಗೆ ಹೇಳಿ. 2023ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯದಲ್ಲಿ ಫುಲ್‌ಹ್ಯಾಮ್‌ನ ಮಿತ್ರೊವಿಚ್ ರೆಫರಿಯ ತೋಳು ಹಿಡಿದ. ಎಂಟು ಪಂದ್ಯ ನಿಷೇಧ ಬಿತ್ತು. ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇರುವ ಪಂದ್ಯದಲ್ಲೂ ಆ ಟಿವಿ ಚೌಕವನ್ನು ಅತಿಯಾಗಿ ತೋರಿಸಿದರೆ ಹಳದಿ ಕಾರ್ಡ್ ಅಂತ ನಿಯಮದಲ್ಲೇ ಇದೆ. ನಿಮ್ಮ ಶಾಲೆಯ ಮೈದಾನದಲ್ಲಂತೂ ನೋಡಲಿಕ್ಕೆ ಟಿವಿಯೇ ಇಲ್ಲ.

2024ರ ಯೂರೊ ಕಪ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯೂಇಎಫ್‌ಎ ಒಂದು ಸರಳ ಪದ್ಧತಿ ತಂತು. ತೀರ್ಮಾನದ ಬಗ್ಗೆ ರೆಫರಿ ಹತ್ತಿರ ಹೋಗಿ ಕೇಳೋದು ಕ್ಯಾಪ್ಟನ್ ಮಾತ್ರ. ಕ್ಯಾಪ್ಟನ್ ಗೋಲ್‌ಕೀಪರ್ ಆಗಿದ್ದರೆ ಮೊದಲೇ ಇನ್ನೊಬ್ಬನ ಹೆಸರು ಹೇಳಿಡಬೇಕು. ಬೇರೆಯವರು ಹೋದರೆ ಹಳದಿ. ಅದರ ಬದಲಿಗೆ ರೆಫರಿ ಮುಖ್ಯ ತೀರ್ಮಾನಗಳ ಕಾರಣವನ್ನು ಕ್ಯಾಪ್ಟನ್‌ಗೆ ವಿವರಿಸಬೇಕು. ಈ ಕೊನೆಯ ಭಾಗವನ್ನು ನಮ್ಮಲ್ಲಿ ಎಲ್ಲರೂ ಮರೆತುಬಿಡ್ತಾರೆ. ಹುಡುಗರ ಬಾಯಿ ಮುಚ್ಚಿಸೋದಷ್ಟೇ ಅಲ್ಲ, ಕೇಳಲಿಕ್ಕೆ ಒಂದು ದಾರಿ ಬಿಟ್ಟು ಬಾಯಿ ಮುಚ್ಚಿಸೋದು. ನಾಳೆಯಿಂದಲೇ ಶಾಲೆಯಲ್ಲಿ ಶುರು ಮಾಡಿ, ಯಾರ ಅಪ್ಪಣೆಯೂ ಬೇಡ.

ನಿಮ್ಮ ಕಡೆಯ ಮಕ್ಕಳಿಗೆ ಯಕ್ಷಗಾನ ಹೊಸತಲ್ಲ. ಭಾಗವತರು ಪದ ಎತ್ತಿದ್ದು ಸರಿ ಬರಲಿಲ್ಲ ಅಂತ ಯಾವ ವೇಷಧಾರಿಯೂ ರಂಗಸ್ಥಳದಲ್ಲೇ ಜಗಳಕ್ಕೆ ನಿಲ್ಲೋದಿಲ್ಲ. ಆಟ ಸಾಗಬೇಕು. ಕೇಳೋದಿದ್ದರೆ ಚೌಕಿಗೆ ಬಂದ ಮೇಲೆ ಕೇಳ್ತಾನೆ, ಬೇಕಾದರೆ ಜೋರಾಗಿಯೇ ಕೇಳ್ತಾನೆ.

ಇನ್ನೊಂದು ಕೆಲಸ ಮಾಡಿ ನೋಡಿ. ಕ್ಲಾಸಿನ ಪಂದ್ಯಗಳಿಗೆ ಸರದಿ ಪ್ರಕಾರ ಮಕ್ಕಳ ಕೈಗೇ ಸೀಟಿ ಕೊಡಿ. ಆಫ್‌ಸೈಡ್ ನೋಡೋದು ಎಷ್ಟು ಕಷ್ಟ ಅನ್ನೋದು ಆಗ ಗೊತ್ತಾಗ್ತದೆ. ಚೆಂಡು ಒದ್ದ ಗಳಿಗೆಯನ್ನೂ ನೋಡಬೇಕು, ಅದೇ ಗಳಿಗೆಯಲ್ಲಿ ಆ ಕಡೆ ಕೊನೆಯಿಂದ ಎರಡನೇ ಡಿಫೆಂಡರ್ ಎಲ್ಲಿದ್ದಾನೆ, ಎದುರು ತಂಡದವನು ಅವನನ್ನು ದಾಟಿ ನಿಂತಿದ್ದಾನಾ ಅಂತಲೂ ನೋಡಬೇಕು. ಅವನ ನೇರಕ್ಕೆ ಓಡ್ತಾ ಇಲ್ಲದಿದ್ದರೆ ಕಣ್ಣು ಮೋಸ ಮಾಡಿಯೇ ಮಾಡ್ತದೆ.

ರಾಬಿ ಫೌಲರ್ ಕಥೆಯನ್ನೂ ಹೇಳಿ. 1997ರಲ್ಲಿ ಆರ್ಸೆನಲ್ ವಿರುದ್ಧ ಲಿವರ್‌ಪೂಲ್‌ನ ಈ ಆಟಗಾರ ಬಿದ್ದ, ರೆಫರಿ ಪೆನಾಲ್ಟಿ ಕೊಟ್ಟರು. ಫೌಲರ್ ತಾನೇ ಎದ್ದು, ಗೋಲ್‌ಕೀಪರ್ ನನ್ನನ್ನು ಮುಟ್ಟಲಿಲ್ಲ, ಪೆನಾಲ್ಟಿ ಬೇಡ ಅಂತ ಸನ್ನೆ ಮಾಡಿದ. ರೆಫರಿ ಬದಲಾಯಿಸಲಿಲ್ಲ. ಫೌಲರ್ ಒದ್ದದ್ದನ್ನು ಗೋಲ್‌ಕೀಪರ್ ಸೀಮನ್ ತಡೆದ, ತಿರುಗಿ ಬಂದ ಚೆಂಡನ್ನು ಇನ್ನೊಬ್ಬ ಗೋಲ್ ಮಾಡಿದ. ರೆಫರಿ ತಪ್ಪಿದಾಗ ಆಟಗಾರನಿಗೂ ಒಂದು ಜವಾಬ್ದಾರಿ ಇರ್ತದೆ ಅಂತ ತೋರಿಸಲಿಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಶ್ನೆ: ಆಟಗಾರ ತಪ್ಪಿದರೆ ಕಾರ್ಡ್, ಕೋಚ್ ತಪ್ಪಿದರೆ ಕೆಲಸ ಹೋಗ್ತದೆ. ರೆಫರಿ ತಪ್ಪಿದರೆ? ಸಂಭಾವನೆ ತಗೊಂಡು ಬೈಕ್ ಹತ್ತಿ ಹೋಗ್ತಾರೆ. ಅವರಿಗೂ ದಂಡ ಹಾಕಬೇಕು. ಇಲ್ಲಾಂದ್ರೆ ತಂಡಗಳೇ ಮೈದಾನ ಬಿಟ್ಟು ಹೊರಟರೆ ಬುದ್ಧಿ ಬರ್ತದೆ ಅಲ್ವಾ? (ಓದುಗರು, ಕುಮಟಾ)

ಉತ್ತರ: ಮೈದಾನ ಬಿಟ್ಟು ಹೊರಟವರ ಕಥೆ ನಮ್ಮ ಬೆಂಗಳೂರಲ್ಲೇ ನಡೆದಿದೆ. 2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಇನ್ನೂ ಚೆಂಡಿಗೆ ಅಡ್ಡಲಾಗಿ ಆಟಗಾರರ ಗೋಡೆ ನಿಲ್ಲಿಸ್ತಾ ಇದ್ದಾಗ ಸುನಿಲ್ ಛೆಟ್ರಿ ಒದ್ದು ಗೋಲ್ ಮಾಡಿದರು. ರೆಫರಿ ಗೋಲ್ ಕೊಟ್ಟರು. ಕೇರಳದ ಕೋಚ್ ವುಕೊಮನೊವಿಚ್ ತಂಡವನ್ನು ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿಗೆ ಹೋಯಿತು, ಕೇರಳದ ದೂರು ತಳ್ಳಿಹಾಕಲಾಯಿತು, ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ ಮತ್ತು 5 ಲಕ್ಷ ದಂಡ. ಇದರಿಂದ ಯಾವ ರೆಫರಿಗೆ ಏನು ಬುದ್ಧಿ ಬಂತು? ಉಳಿದ ಆಟ ಆಡಿದ್ದರೆ ಒಂದು ಗೋಲ್ ತಿರುಗಿಸಲಿಕ್ಕೆ ಅವರಿಗೆ ಸಮಯ ಇತ್ತು.

ದಂಡದ ವಿಷಯ. ಬೇಕಂತಲೇ ಮಾಡಿದ್ದಕ್ಕೂ ಕಣ್ಣು ತಪ್ಪಿ ಆದದ್ದಕ್ಕೂ ಫರಕು ಮಾಡಲೇಬೇಕು. ಜರ್ಮನಿಯ ರಾಬರ್ಟ್ ಹಾಯ್ಜರ್ ಹಣ ತಿಂದು ಪಂದ್ಯ ತಿರುಗಿಸಿದ್ದು 2005ರಲ್ಲಿ ಬಯಲಾಯಿತು. ಜೈಲು ಶಿಕ್ಷೆಯಾಯಿತು, ರೆಫರಿ ಬದುಕು ಅಲ್ಲಿಗೇ ಮುಗಿಯಿತು. ಅದು ಸರಿ. ಆದರೆ ಕಣ್ಣು ತಪ್ಪಿದ್ದಕ್ಕೆಲ್ಲ ದಂಡ ಹಾಕ್ತಾ ಹೋದರೆ ಹೆದರಿದ ರೆಫರಿ ಬಲವಾದ ತಂಡದ ಕಡೆಗೆ, ಜಾಸ್ತಿ ಕೂಗುವ ಜನರ ಕಡೆಗೆ ವಾಲ್ತಾರೆ. ಅದರ ನಷ್ಟ ಸಣ್ಣ ಊರಿನ ತಂಡಕ್ಕೇ.

ಹಾಗಂತ ರೆಫರಿಗೆ ಹೊಣೆಯೇ ಬೇಡ ಅಂತ ನಾನು ಹೇಳೋದಿಲ್ಲ. ಮೇಲಿನ ಹಂತದಲ್ಲಿ ಹೊಣೆ ಇದೆ. ಅಲ್ಲಿ ರೆಫರಿಯ ಕೆಲಸ ನೋಡಿ ಅಂಕ ಕೊಡಲಿಕ್ಕೇ ಒಬ್ಬರು ಕೂತಿರ್ತಾರೆ. 2006ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ರೆಫರಿ ಗ್ರಹಾಂ ಪೋಲ್ ಕ್ರೊವೇಷಿಯಾದ ಒಬ್ಬನೇ ಆಟಗಾರನಿಗೆ (ಎರಡನೇ ಹಳದಿಗೇ ಹೊರಗೆ ಕಳಿಸಬೇಕಿತ್ತು) ಮೂರು ಹಳದಿ ಕಾರ್ಡ್ ತೋರಿಸಿದ ಮೇಲೆ ಮತ್ತೆ ದೊಡ್ಡ ಅಂತಾರಾಷ್ಟ್ರೀಯ ಟೂರ್ನಿಗೆ ಹೋಗಲೇ ಇಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಯಾಜ್ ಹೊಡೆದ ಸರಿಯಾದ ಗೋಲ್ ಹೋಯಿತು. ಮೈದಾನದಲ್ಲಿ ಆಫ್‌ಸೈಡ್ ಅಂತ ಕೊಟ್ಟಿದ್ದರು, ಆದರೆ ವಿಎಆರ್ ಕೋಣೆಯಲ್ಲಿ ಕೂತವರು ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂದುಕೊಂಡು "ಚೆಕ್ ಆಯಿತು" ಅಂದುಬಿಟ್ಟರು. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಶುರುವಾಗಿತ್ತು. ರೆಫರಿಗಳ ಸಂಸ್ಥೆ ಅದೇ ದಿನ ತಪ್ಪೊಪ್ಪಿಕೊಂಡಿತು, ಆಮೇಲೆ ಆ ಕೋಣೆಯ ಮಾತುಕತೆಯ ಆಡಿಯೊ ಹೊರಗೆ ಬಿಟ್ಟಿತು, ಸಂಬಂಧಪಟ್ಟ ಇಬ್ಬರನ್ನು ಮುಂದಿನ ಪಂದ್ಯಗಳಿಂದ ತೆಗೆಯಿತು. ಫಲಿತಾಂಶ ಬದಲಾಗಲಿಲ್ಲ. ಆದರೆ ಏನಾಯ್ತು ಅಂತ ಪ್ರತಿಯೊಬ್ಬರಿಗೂ ಗೊತ್ತಾಯಿತು, ನನ್ನ ಮಟ್ಟಿಗೆ ಹೊಣೆ ಅಂದ್ರೆ ಮೊದಲು ಅದೇ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿ ಬಿದ್ದರೂ ಗೋಲ್ ಸಿಗಲಿಲ್ಲ. ಬರೀ ರೆಫರಿಯನ್ನು ಬೈದು ಬಿಡಲಿಲ್ಲ, 2012ರಲ್ಲಿ ಗೋಲ್ ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟರು. ಆ ದೂರದಿಂದ ಮನುಷ್ಯನ ಕಣ್ಣಿಗೆ ಅದು ಕಾಣೋದಿಲ್ಲ ಅಂತ ಒಪ್ಪಿಕೊಂಡರು.

ಈಗ ನಮ್ಮ ಕರಾವಳಿಗೆ ಬನ್ನಿ. ಇಲ್ಲಿ ಕ್ಯಾಮೆರಾ ಬೇಡ, ಕೇಳುವ ಜಾಗವೇ ಇಲ್ಲ. ಟ್ರೋಫಿ ಸೊಂಟದ ಎತ್ತರ, ಬಹುಮಾನದ ಹಣ ಬ್ಯಾನರಿನಲ್ಲಿ ದೊಡ್ಡದಾಗಿ. ಆದರೆ ಎಷ್ಟೋ ಕಡೆ ಲೈನ್ಸ್‌ಮನ್ ಅಂದ್ರೆ ಆಗಷ್ಟೇ ಆಡಿ ಮುಗಿಸಿದ ತಂಡದ ಇಬ್ಬರು ಹುಡುಗರ ಕೈಗೆ ಕೊಟ್ಟ ಬಾವುಟ. ಅವರು ಡಿಫೆಂಡರ್ ನೇರಕ್ಕೆ ಓಡೋದಿಲ್ಲ, ನಿಂತಲ್ಲಿಂದಲೇ ಬಾವುಟ ಎತ್ತುತ್ತಾರೆ, ಬೈಗುಳ ಬೀಳೋದು ರೆಫರಿಗೆ. ರೆಫರಿಯ ಕೆಲಸ ಬರೆದಿಡುವವರಿಲ್ಲ, ದೂರು ತಗೊಳ್ಳುವವರಿಲ್ಲ. ಹೀಗಿದ್ದಾಗ ಆಟಗಾರ ಎಲ್ಲಿ ಕೇಳಬೇಕು? ಮೈದಾನದಲ್ಲೇ ಕೇಳ್ತಾನೆ, ಕೂಗಿ ಕೇಳ್ತಾನೆ. ಕೂಗೋದನ್ನು ನಾನು ಒಪ್ಪೋದಿಲ್ಲ. ಆದರೆ ಅದಕ್ಕೆ ಅರ್ಧ ಕಾರಣ ಆಯೋಜಕರು.

ನೀವು ತಂಡ ನಡೆಸುವವರು ಅಂತ ಪತ್ರದಿಂದ ಗೊತ್ತಾಗ್ತದೆ. ಹಾಗಾದರೆ ಎಂಟ್ರಿ ಫೀ ಕಟ್ಟುವ ಮೊದಲು ಆಯೋಜಕರಿಗೆ ಹೇಳಿ. ಲೈನ್ಸ್‌ಮನ್ ಇಬ್ಬರೂ ತರಬೇತಿ ಆದವರೇ ಆಗಿರಬೇಕು, ಅದಕ್ಕೆ ಟ್ರೋಫಿ ಒಂದು ಗೇಣು ಸಣ್ಣದಾದರೂ ಪರವಾಗಿಲ್ಲ. ದೂರನ್ನು ಅದೇ ಸಂಜೆ ಬರಹದಲ್ಲಿ ತಗೋಬೇಕು, ಮರುದಿನ ಬರಹದಲ್ಲೇ ಉತ್ತರ ಕೊಡಬೇಕು. ಪಂದ್ಯದ ತೀರ್ಮಾನ ಅದರಿಂದ ತಿರುಗೋದಿಲ್ಲ, ಗೋಲ್ ಆಯಿತೋ ಇಲ್ಲವೋ ಅನ್ನೋದರಲ್ಲಿ ರೆಫರಿ ಮಾತೇ ಕೊನೆ ಅಂತ ನಿಯಮ ಇದೆ, ಇರಲೂಬೇಕು. ಆದರೆ ಒಬ್ಬರ ಮೇಲೇ ಮತ್ತೆ ಮತ್ತೆ ಒಂದೇ ಥರದ ದೂರು ಬಂದರೆ ಮುಂದಿನ ವರ್ಷ ಅವರಿಗೆ ಫೈನಲ್ ಕೊಡಬಾರದು. ರೆಫರಿಯೂ ಪಂದ್ಯದ ನಂತರ ಇಬ್ಬರು ಕ್ಯಾಪ್ಟನ್‌ಗಳ ಎದುರು ಐದು ನಿಮಿಷ ಕೂತು, "ಅದು ನನಗೆ ಹೀಗೆ ಕಂಡಿತು" ಅಂತ ಹೇಳಲಿ. "ತಪ್ಪಾಯ್ತು" ಅಂದರೂ ಅವರ ಮಾನ ಹೋಗೋದಿಲ್ಲ. ಅಷ್ಟು ಕೇಳಿದ ಮೇಲೂ ಯಾರಾದರೂ ಮೈಮೇಲೆ ಹೋದರೆ ಆಗ ಅವನಿಗೆ ಪೂರ್ತಿ ಸೀಸನ್ ನಿಷೇಧ ಹಾಕಿ, ನಾನೇ ನಿಮ್ಮ ಪರ ಬರೀತೇನೆ.

ಪ್ರಶ್ನೆ: ನಾನು ಡಿಗ್ರಿ ಓದ್ತಾ ಇದ್ದೇನೆ. ಫುಟ್‌ಬಾಲ್ ರೆಫರಿ ಆಗಬೇಕು ಅಂತ ಆಸೆ. "ಗಂಡಸರಿಗೇ ಹೊಡೆಯಲಿಕ್ಕೆ ಹೋಗ್ತಾರೆ, ನಿನಗ್ಯಾಕೆ" ಅಂತಾರೆ ಅಪ್ಪ. (ವಿದ್ಯಾರ್ಥಿನಿ, ಅಂಕೋಲಾ)

ಉತ್ತರ: ಅಪ್ಪನ ಹೆದರಿಕೆ ಸುಮ್ನೆ ಬಂದದ್ದಲ್ಲ ತಂಗಿ. 2023ರ ಡಿಸೆಂಬರ್‌ನಲ್ಲಿ ಟರ್ಕಿಯಲ್ಲಿ ಕ್ಲಬ್ ಅಧ್ಯಕ್ಷನೇ ಮೈದಾನಕ್ಕೆ ನುಗ್ಗಿ ರೆಫರಿ ಮೆಲರ್ ಅವರ ಮುಖಕ್ಕೆ ಗುದ್ದಿದ. ಆ ದೇಶ ಎಲ್ಲ ಲೀಗ್ ಪಂದ್ಯಗಳನ್ನೇ ನಿಲ್ಲಿಸಿತು, ಅವನಿಗೆ ಆಜೀವ ನಿಷೇಧ ಹಾಕಿತು. ಅಪ್ಪನಿಗೆ ಈ ಕಡೆಯದ್ದೂ ಹೇಳಿ: ಪಕ್ಕದ ಗೋವಾದ ಉವೇನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್‌ನಲ್ಲಿ ಅಸಿಸ್ಟೆಂಟ್ ರೆಫರಿ ಆಗಿದ್ದರು. 2022ರ ಡಿಸೆಂಬರ್ 1ರಂದು ಫ್ರಾನ್ಸ್‌ನ ಸ್ಟೆಫನಿ ಫ್ರಾಪಾರ್ ಗಂಡಸರ ವಿಶ್ವಕಪ್‌ನಲ್ಲಿ ಜರ್ಮನಿ–ಕೋಸ್ಟರಿಕಾ ಪಂದ್ಯ ನಡೆಸಿದರು.

ಮೊದಲು ಶಾಲಾ ಪಂದ್ಯಗಳಲ್ಲಿ ಲೈನ್ ಮೇಲೆ ಓಡಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಬರೆದು ರೆಫರಿ ತರಬೇತಿ ಬಗ್ಗೆ ವಿಚಾರಿಸಿ. ಯಾರಾದರೂ ಬೈದರೆ ಪಂದ್ಯದ ವರದಿಯಲ್ಲಿ ಜೆರ್ಸಿ ನಂಬರ್, ನಿಮಿಷ, ಅವನು ಆಡಿದ ಮಾತು ಇದ್ದದ್ದು ಇದ್ದ ಹಾಗೇ ಬರೆಯಿರಿ. ಸಂಕೋಚಕ್ಕೆ "ಅಸಭ್ಯವಾಗಿ ಮಾತಾಡಿದ" ಅಂತ ತೇಲಿಸಿ ಬರೆದರೆ ಶಿಕ್ಷೆಯೂ ತೇಲಿ ಹೋಗ್ತದೆ. ಯಾವ ಟೂರ್ನಮೆಂಟ್‌ಗೆ ಕರೆದರೂ ಒಪ್ಪುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಮೈದಾನದ ಒಳಗೆ ಜನ ನುಗ್ಗದ ಹಾಗೆ ಹಗ್ಗ ಕಟ್ಟಿದ್ದಾರಾ, ಪಂದ್ಯ ಮುಗಿದ ಮೇಲೆ ನಿಮ್ಮ ಜೊತೆ ಬಸ್‌ಸ್ಟ್ಯಾಂಡ್‌ವರೆಗೆ ಬರೋದು ಯಾರು. ನೆಟ್ಟಗೆ ಉತ್ತರ ಕೊಡದ ಆಯೋಜಕರ ಪಂದ್ಯಕ್ಕೆ ಹೋಗಬೇಡಿ.