ಓನರ್ ಕೊಟ್ಟ ಅಡ್ವಾನ್ಸ್ ಚೆಕ್ ಬೌನ್ಸ್ ಆದರೆ ಅದು ಸಿವಿಲ್ಲೋ ಕ್ರಿಮಿನಲ್ಲೋ?

ಮನೆ ಖಾಲಿ ಮಾಡಿದ ಮೇಲೆ ಓನರ್ ಅಡ್ವಾನ್ಸ್‌ಗೆ ಚೆಕ್ ಕೊಟ್ಟರು, ಅದು ಬೌನ್ಸ್ ಆಯಿತು, ಸ್ಟೇಷನ್‌ಗೆ ಹೋದರೆ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದರು ಅಂತ ಬರೆದಿದ್ದೀರಿ. ಹಿಂದಿನ ಬಾಡಿಗೆ ಮನೆಯಲ್ಲಿ ನನಗೂ ಹೀಗೇ ಆಗಿತ್ತು. ನಾನು ವಕೀಲನಲ್ಲ, ಪೆಟ್ಟು ತಿಂದು ಕಲಿತವನು.

ಸ್ಟೇಷನ್‌ನವರು ಹೇಳಿದ್ದು ಅರ್ಧ ಸರಿ. ಅಡ್ವಾನ್ಸ್ ವಾಪಸ್ ಕೊಡದಿರುವುದು ಕರಾರು ಮುರಿದ ಹಾಗೆ, ಅಂದರೆ ಸಿವಿಲ್. ಹಣ ವಸೂಲಿಗೆ ದಾವೆ ಹಾಕಲು 3 ವರ್ಷ ಇದೆ. ಮೊದಲಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಿದರೆ ಮಾತ್ರ ಅದು ವಂಚನೆ. ಹಳೇ 420, ಈಗ ಭಾರತೀಯ ನ್ಯಾಯ ಸಂಹಿತೆಯ 318. ನಾಲ್ಕು ವರ್ಷ ಚೆನ್ನಾಗಿಯೇ ಇದ್ದು ಕೊನೆಗೆ ಸತಾಯಿಸುವ ಓನರ್ ಮೇಲೆ ಅದನ್ನು ಸಾಬೀತು ಮಾಡುವುದು ಕಷ್ಟ.

ಆದರೆ ನಿಮ್ಮ ಕೈಲಿ ಚೆಕ್ ಇದೆ ಅಲ್ವಾ, ಅದರ ಲೆಕ್ಕವೇ ಬೇರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, ಸೆಕ್ಷನ್ 138. ಇದು ಕ್ರಿಮಿನಲ್ಲೇ, 2 ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಆದರೆ ಇದಕ್ಕೆ ಸ್ಟೇಷನ್ ಅಲ್ಲ. ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನೀವೇ ದೂರು ಕೊಡಬೇಕು.

ಮೊದಲು ಬ್ಯಾಂಕ್ ಕೊಟ್ಟ ಮೆಮೊ ತೆಗೆದು ನೋಡಿ. "ಫಂಡ್ಸ್ ಇನ್‌ಸಫಿಷಿಯಂಟ್" ಅಂತ ಇರುತ್ತದಲ್ಲ, ಆ ಚೀಟಿ. ಅದು ಕೈಗೆ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ಚೆಕ್‌ನಲ್ಲಿರುವ ಮೊತ್ತವನ್ನೇ ಕೇಳಿ, ಜಾಸ್ತಿ ಸೇರಿಸಬೇಡಿ. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಕೊಡದಿದ್ದರೆ ಆಮೇಲೆ ಒಂದು ತಿಂಗಳೊಳಗೆ ದೂರು.

ನಾನು "ಸರ್, ಯಾವಾಗ ಹಾಕ್ತೀರ" ಅಂತ ಸುಮ್ನೆ ವಾಟ್ಸಾಪ್ ಮಾಡುತ್ತಾ 40 ದಿನ ಕಳೆದೆ. ಪುಣ್ಯಕ್ಕೆ ಚೆಕ್‌ನ 3 ತಿಂಗಳ ಅವಧಿ ಮುಗಿದಿರಲಿಲ್ಲ. ಮತ್ತೆ ಬ್ಯಾಂಕಿಗೆ ಹಾಕಿದೆ. ಮತ್ತೆ ಬೌನ್ಸ್, ಹೊಸ ಮೆಮೊ, ಹೊಸದಾಗಿ 30 ದಿನ. ಹಾಗೆ ಮಾಡಬಹುದು. ಈ ಸಲ ಮೆಮೊದ ಜೆರಾಕ್ಸ್ ಮೇಲೆ ಕೆಂಪು ಪೆನ್ನಲ್ಲಿ ಕೊನೇ ದಿನ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ನೋಟಿಸ್ ತಲುಪಿದ ಹನ್ನೆರಡನೇ ದಿನ ಹಣ ಖಾತೆಗೆ ಬಂತು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡೇ ಚೆಕ್ ಬರೆದಿದ್ದರು. ಆ ಜಗಳ ಮಾತ್ರ ಅಪ್ಪಟ ಸಿವಿಲ್. ನಾನು ಬಿಟ್ಟುಬಿಟ್ಟೆ.