ಹೆಂಡತಿ ನನಗೆ ಏನನ್ನೂ ಹೇಳಿಕೊಳ್ಳುವುದಿಲ್ಲ. ಆಕೆಯ ನಂಬಿಕೆ ಗಳಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮದುವೆಯಾಗಿ ನಾಲ್ಕು ವರ್ಷವಾಗಿದೆ, ಮಂಗಳೂರಿನಲ್ಲಿ ಇಬ್ಬರೂ ನೌಕರಿಯಲ್ಲಿದ್ದೀರಿ. ನಿಮ್ಮ ಹೆಂಡತಿ ಕಚೇರಿಯಲ್ಲಿ ಎರಡು ತಿಂಗಳಿಂದ ಕಿರುಕುಳ ಅನುಭವಿಸುತ್ತಿದ್ದರೂ ನಿಮ್ಮ ಬಳಿ ಒಂದು ಮಾತು ಆಡಲಿಲ್ಲ, ಕೇಳಿದಾಗಲೆಲ್ಲ ತುಳುವಿನಲ್ಲಿ ‘ದಾಲ ಇಜ್ಜಿ’ (ಏನೂ ಇಲ್ಲ) ಎಂದರು, ಕೊನೆಗೆ ವಿಷಯ ತಿಳಿದದ್ದು ಅವರ ಚಿಕ್ಕಮ್ಮನ ಮಗಳಿಂದ. ‘ನಾನು ಕುಡಿಯುವವನಲ್ಲ, ಕೈಯೆತ್ತುವವನಲ್ಲ, ನನ್ನ ಫೋನಿನ ಪಾಸ್‌ವರ್ಡ್ ಕೂಡ ಅವಳಿಗೆ ಕೊಟ್ಟಿದ್ದೇನೆ, ಆದರೂ ನನ್ನ ಮೇಲೆ ಯಾಕೆ ನಂಬಿಕೆಯಿಲ್ಲ, ಆ ನಂಬಿಕೆಯನ್ನು ಹೇಗೆ ಗಳಿಸಲಿ’ ಎಂದು ಕೇಳಿದ್ದೀರಿ. ಜೊತೆಗೆ, ವಿಷಯ ನಿಮಗೆ ತಿಳಿದಿದೆ ಎಂದು ಅವರಿಗೆ ಹೇಳಬೇಕೇ, ತಿಳಿಯದವರಂತೆ ಇರಬೇಕೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ನಾನು ಮನಃಶಾಸ್ತ್ರಜ್ಞನಲ್ಲ, ಉಡುಪಿಯವನು, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತನಾದವನು. ಇಲ್ಲಿ ಉತ್ತರಿಸುವ ಧೈರ್ಯ ಮಾಡುತ್ತಿರುವುದಕ್ಕೆ ಕಾರಣ ಇಷ್ಟೇ: ಒಮ್ಮೆ ನನ್ನ ಹೆಂಡತಿಯೂ ಸುಮಾರು ಎರಡು ವರ್ಷ ನನಗೆ ‘ದಾಲ ಇಜ್ಜಿ’ ಎಂಬ ಉತ್ತರವನ್ನೇ ಕೊಡುತ್ತಿದ್ದಳು, ಮತ್ತು ಅದಕ್ಕೆ ಕಾರಣನಾದವನು ನಾನೇ. ಕುಡಿಯದಿರುವುದು, ಹೊಡೆಯದಿರುವುದು, ಫೋನು ತೆರೆದಿಡುವುದು, ಇವೆಲ್ಲ ನಿಮ್ಮ ನಡತೆಗೆ ಸಂಬಂಧಿಸಿದವು. ನಿಮ್ಮ ಹೆಂಡತಿಯ ಮನಸ್ಸಿನಲ್ಲಿರುವ ಪ್ರಶ್ನೆ ಪ್ರಾಯಶಃ ನಿಮ್ಮ ನಡತೆಯದ್ದಲ್ಲ. ತಾನು ಹೇಳಿದ ಮಾತು ನಿಮ್ಮ ಕಿವಿಗೆ ಬಿದ್ದ ಮೇಲೆ ಅದರ ಗತಿ ಏನಾಗುತ್ತದೆ ಎಂಬುದನ್ನು ಅವರು ನೋಡಿಕೊಂಡಿರುತ್ತಾರೆ.

ನನ್ನ ಮದುವೆಯ ಮೂರನೆಯ ವರ್ಷದಲ್ಲಿ ಹೆಂಡತಿಯ ತಮ್ಮ ಮುಂಬಯಿಯಲ್ಲಿ ಹೋಟೆಲು ಹಾಕಿ ಸಾಲದಲ್ಲಿ ಸಿಕ್ಕಿಬಿದ್ದಿದ್ದ. ತವರಿನಿಂದ ತಂದ ನಾಲ್ಕು ಬಳೆಗಳನ್ನು ಅವಳು ಅಡವಿಟ್ಟು ಅವನಿಗೆ ಹಣ ಕಳುಹಿಸಿದಳು. ಕಳುಹಿಸುವ ಮೊದಲು ನನಗೆ ಹೇಳಿದಳು. ‘ಅತ್ತೆಗೆ ತಿಳಿಯುವುದು ಬೇಡ’ ಎಂದೂ ಹೇಳಿದಳು. ನಾನು ಒಪ್ಪಿದೆ. ನಮ್ಮದು ಅಳಿಯಕಟ್ಟಿನ, ಎಂದರೆ ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಸಾಗುತ್ತಿದ್ದ ಮನೆತನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತೇ ಹೊರತು, ಅಕ್ಕ ತಮ್ಮನ ನಂಟಿನ ಲೆಕ್ಕ ನಮ್ಮ ಕಡೆ ಅಷ್ಟಾಗಿ ಬದಲಾಗಲಿಲ್ಲ. ಆದ್ದರಿಂದ ಅವಳು ಮಾಡಿದ್ದರಲ್ಲಿ ನನಗೆ ಯಾವ ತಪ್ಪೂ ಕಾಣಿಸಿರಲಿಲ್ಲ. ಆದರೂ ಒಂದು ಸಂಜೆ ಅಡುಗೆಮನೆಯಲ್ಲಿ ಅಮ್ಮ ಏನೋ ಕೇಳಿದಾಗ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಬಳೆಯ ಸಂಗತಿ ನನ್ನ ಬಾಯಿಂದ ಜಾರಿತು. ಅಮ್ಮ ಅಕ್ಕನಿಗೆ ಹೇಳಿದರು. ತಿಂಗಳೊಂದು ಕಳೆದ ಮೇಲೆ ಕುಂದಾಪುರದ ಕಡೆಯ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಹತ್ತು ಜನ ಕೇಳುವಂತೆ ಅಕ್ಕ ನನ್ನ ಹೆಂಡತಿಯ ಕೈ ನೋಡಿ ನಗುತ್ತ, ‘ನಿನ್ನ ಬಳೆಗಳು ಮುಂಬಯಿಯಲ್ಲಿ ದೋಸೆ ಹೊಯ್ಯುತ್ತಿವೆಯಂತೆ, ಹೌದಾ?’ ಎಂದರು.

ಅವಳು ಅಳಲಿಲ್ಲ, ಎದ್ದು ಹೋಗಲಿಲ್ಲ. ಸೀರೆಯ ಸೆರಗನ್ನು ಕೈಯ ಮೇಲೆ ಎಳೆದುಕೊಂಡು, ಎಲೆಯಲ್ಲಿದ್ದ ಅನ್ನವನ್ನು ಪೂರ್ತಿ ಉಂಡು, ಎಲೆ ಮಡಚಿ ಎದ್ದಳು. ಉಡುಪಿಯವರೆಗಿನ ಬಸ್ಸಿನ ದಾರಿಯಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತವಳು ಒಮ್ಮೆ ಮಾತ್ರ ತಿರುಗಿ ಕಂಡಕ್ಟರಿನಿಂದ ಚಿಲ್ಲರೆ ತೆಗೆದುಕೊಂಡಳು. ಮನೆಗೆ ಬಂದ ಮೇಲೆ ನಾನು ಆಡಿದ ಮೊದಲ ಮಾತು, ‘ಅಮ್ಮನಿಗೆ ತಾನೇ ಹೇಳಿದ್ದು, ಹೊರಗಿನವರಿಗೆ ಹೇಳಿದೆನೇ?’ ಎಂಬುದಾಗಿತ್ತು. ನಾನು ಮಾಡಿದ ಎರಡು ತಪ್ಪುಗಳಲ್ಲಿ ದೊಡ್ಡದು ಇದೇ ಎಂದು ಈಗ ನನಗೆ ಅನ್ನಿಸುತ್ತದೆ. ಮಾತು ಜಾರಿದ್ದು ಅಜಾಗ್ರತೆ. ಆದರೆ ಈ ಸಮರ್ಥನೆಯಿಂದ, ಮುಂದೆಯೂ ಹೀಗೆಯೇ ನಡೆಯಲಿದೆ ಎಂದು ನಾನು ಅವಳಿಗೆ ಬರೆದುಕೊಟ್ಟಂತಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದು, ನಿಮ್ಮ ನಾಲ್ಕು ವರ್ಷಗಳಲ್ಲಿಯೂ ಇಂಥದ್ದೊಂದು ಸಂಗತಿ ಇದೆಯೇ ಎಂದು ನೀವು ನೆನಪಿಸಿಕೊಳ್ಳಲಿ ಎಂಬ ಕಾರಣಕ್ಕೆ. ಅದು ಬಳೆಯಷ್ಟು ದೊಡ್ಡದಾಗಿರಬೇಕೆಂದಿಲ್ಲ. ಹಿಂದೊಮ್ಮೆ ಅವರು ಕೆಲಸದ ಬೇಸರವನ್ನು ಹೇಳಿಕೊಂಡಾಗ ನೀವು ‘ಹಾಗಾದರೆ ಬಿಟ್ಟುಬಿಡು’ ಎಂದಿರಬಹುದು. ಅಥವಾ ಬೇರೆ ಯಾವುದೋ ಜಗಳದ ನಡುವೆ ‘ಕಚೇರಿಯಲ್ಲಿಯೂ ನಿನಗೆ ಯಾರೊಂದಿಗೂ ಸರಿ ಬರುವುದಿಲ್ಲ’ ಎಂದು ಅವರದೇ ಮಾತನ್ನು ಅವರಿಗೆ ತಿರುಗಿಸಿರಬಹುದು. ಆಡಿದವನು ಮರೆತಿರುತ್ತಾನೆ. ನನ್ನ ಅನುಭವದಲ್ಲಿ, ಮಾತು ಮನೆ ದಾಟುವುದಕ್ಕಿಂತ ಹೆಚ್ಚು ಹಾನಿ ಮಾಡುವುದು, ನಂಬಿ ಹೇಳಿದ ಮಾತು ಜಗಳದಲ್ಲಿ ಕತ್ತಿಯಾಗಿ ಹಿಂದಿರುಗುವುದು.

ಇನ್ನು ಗಳಿಸುವ ವಿಷಯ. ನಮ್ಮ ಊರಿನ ಬ್ಯಾಂಕಿನ ಚರಿತ್ರೆಯಿಂದ ಒಂದು ಹೋಲಿಕೆ ಕೊಡುತ್ತೇನೆ, ಹಳೆಯ ಗುಮಾಸ್ತನ ಚಪಲವೆಂದು ಕ್ಷಮಿಸಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಜನರೂ ಆ ಏಜೆಂಟನ ಕೈಗೆ ಹಣ ಕೊಡುತ್ತಿದ್ದರು. ನನ್ನ ಕಾಲದಲ್ಲಿಯೂ ಮೀನು ಮಾರುವ ಹೆಂಗಸರು ಆತನಿಗೆ ಹಣ ಕೊಟ್ಟು, ಕಾರ್ಡಿನಲ್ಲಿ ಬರೆಯಿಸಿಕೊಂಡು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ಅವರು ನಂಬಿದ್ದು ಬ್ಯಾಂಕಿನ ಕಟ್ಟಡವನ್ನಲ್ಲ. ನಿನ್ನೆ ಬಂದ ಹೊತ್ತಿಗೇ ಇಂದೂ ಬಂದು, ಕೊಟ್ಟದ್ದನ್ನು ಕಣ್ಣೆದುರೇ ಬರೆದುಕೊಂಡು ಹೋಗುವ ಆ ಮನುಷ್ಯನನ್ನು. ನೀವು ಈಗ ಎರಡು ತಿಂಗಳ ದುಃಖವನ್ನು ಒಂದೇ ಗಂಟಾಗಿ ಕೊಡು ಎಂದು ಕೇಳುತ್ತಿದ್ದೀರಿ. ಎರಡಾಣೆಯ ಮಾತು ಬಂದಾಗ ನೀವು ಎಲ್ಲಿದ್ದಿರಿ?

ಇದು ಬರೇ ನನ್ನ ಊಹೆಯಲ್ಲ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್ಮನ್ ಎಂಬ ಮನಃಶಾಸ್ತ್ರಜ್ಞರು ದಂಪತಿಗಳನ್ನು ಮನೆಯಂತೆ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿರಿಸಿ ಗಮನಿಸಿದ್ದರು. ‘ಆ ದೋಣಿ ನೋಡು’ ಎಂಬಂಥ, ಮೇಲುನೋಟಕ್ಕೆ ಅರ್ಥವೇ ಇಲ್ಲದ ಮಾತುಗಳಿಗೆ ಇನ್ನೊಬ್ಬರು ತಿರುಗಿ ನೋಡುತ್ತಾರೋ ಇಲ್ಲವೋ ಎಂಬುದನ್ನು ಅವರು ಲೆಕ್ಕ ಹಾಕಿದರು. ಆರು ವರ್ಷಗಳ ಬಳಿಕ ಜೊತೆಯಲ್ಲಿಯೇ ಉಳಿದಿದ್ದ ನವದಂಪತಿಗಳು ಅಂದು ಇಂಥ ಸಣ್ಣ ಕರೆಗಳಲ್ಲಿ ಶೇಕಡಾ 86ಕ್ಕೆ ಓಗೊಟ್ಟಿದ್ದರೆ, ವಿಚ್ಛೇದನ ಪಡೆದವರು ಶೇಕಡಾ 33ಕ್ಕೆ ಮಾತ್ರ ಓಗೊಟ್ಟಿದ್ದರು ಎಂದು ಅವರು ವರದಿ ಮಾಡಿದ್ದಾರೆ. ಅಲ್ಲಿಯ ದಂಪತಿಗಳ ಅಂಕಿಯನ್ನು ನಮ್ಮ ಊರಿಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಆದರೆ ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಕಥೆಯನ್ನು ಹೆಂಡತಿ ಹೇಳುವಾಗ ಗಂಡ ಫೋನಿನಿಂದ ತಲೆಯೆತ್ತುತ್ತಾನೋ ಇಲ್ಲವೋ ಎಂಬುದು ನಮ್ಮಲ್ಲಿಯೂ ಲೆಕ್ಕಕ್ಕೆ ಬರುವ ವಿಷಯವೇ.

ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಅಕ್ಕನ ಮನೆಗೆ ಹೋಗಿ, ಆ ವಿಷಯ ಹೇಳಲು ನನಗೆ ಹಕ್ಕಿರಲಿಲ್ಲ, ಇನ್ನು ಮುಂದೆ ಅದನ್ನು ಎಲ್ಲಿಯೂ ಎತ್ತಬಾರದು ಎಂದು ಕೇಳಿಕೊಂಡೆ. ಅಕ್ಕನಿಗೆ ಸಿಟ್ಟು ಬಂತು, ಮೂರು ತಿಂಗಳು ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಹೋಗಿ ಬಂದೆನೆಂದು ಹೆಂಡತಿಗೆ ಒಂದೇ ವಾಕ್ಯದಲ್ಲಿ ತಿಳಿಸಿದೆ, ಶಹಬ್ಬಾಸ್ ಎನ್ನಿಸಿಕೊಳ್ಳಲು ಕಾಯಲಿಲ್ಲ, ಕಾಯ್ದಿದ್ದರೂ ಸಿಗುತ್ತಿರಲಿಲ್ಲ. ಆ ಬಳಿಕ ಅವಳು ಹೇಳಿದ ಸಣ್ಣಪುಟ್ಟ ಸಂಗತಿಗಳನ್ನು ಕೂಡ, ಹೇಳಬಾರದು ಎಂದು ಅವಳು ಹೇಳದಿದ್ದರೂ, ನನ್ನಲ್ಲಿಯೇ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಒಟ್ಟು ಕುಟುಂಬದಲ್ಲಿ ಇದು ಕಷ್ಟ, ಏಕೆಂದರೆ ನಮ್ಮ ಮನೆಗಳಲ್ಲಿ ಮಾತು ಸಾಗುವುದು ಯಾರ ಕೇಡಿಗಾಗಿಯೂ ಅಲ್ಲ. ಹೊತ್ತು ಹೋಗಲು, ಕಾಳಜಿಗೆ, ಒಬ್ಬರಿಗೊಬ್ಬರು ಹತ್ತಿರವಾಗಲು. ಅಮ್ಮನಿಗೆ ಮಗ ಹೆಂಡತಿಯ ಗುಲಾಮನಾದ ಎಂದು ಸ್ವಲ್ಪ ಅನ್ನಿಸಿತು. ಅದನ್ನು ಸಹಿಸಿಕೊಳ್ಳಬೇಕಾಯಿತು.

ವರ್ಷ ಕಳೆದ ಮೇಲೆ ಮತ್ತೆ ಒಂದು ಪ್ರಮಾದ ಮಾಡಿದೆ: ಅವಳ ಆರೋಗ್ಯದ ಒಂದು ಸಣ್ಣ ವಿಷಯವನ್ನು ಗೆಳೆಯನೊಬ್ಬನಲ್ಲಿ ಹೇಳಿಬಿಟ್ಟೆ. ಈ ಸಲ ಅದೇ ರಾತ್ರಿ, ಅವಳಿಗೆ ಬೇರೆ ಕಡೆಯಿಂದ ತಿಳಿಯುವ ಯಾವ ಸಂಭವವೂ ಇಲ್ಲದಿದ್ದರೂ, ನಾನೇ ಹೇಳಿದೆ. ಕೋಪಿಸಿಕೊಂಡಳು, ಆದರೆ ಕೋಪವನ್ನು ಮುಖಕ್ಕೆ ಹೇಳಿದಳು. ಎರಡು ವರ್ಷಗಳಲ್ಲಿ ಅವಳು ನನ್ನ ಮೇಲೆ ಬಾಯಿ ತೆರೆದು ಕೋಪಿಸಿಕೊಂಡದ್ದು ಅದೇ ಮೊದಲು. ಶಿಶುಗಳನ್ನೂ ತಾಯಂದಿರನ್ನೂ ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ಅವರು, ಅನ್ಯೋನ್ಯವಾಗಿರುವ ತಾಯಿ ಮಕ್ಕಳ ನಡುವೆಯೂ ಒಬ್ಬರ ಭಾವಕ್ಕೆ ಇನ್ನೊಬ್ಬರ ಭಾವ ಹೊಂದಿಕೆಯಾಗುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ, ಉಳಿದ ಹೊತ್ತು ತಪ್ಪುವುದು ಮತ್ತು ಸರಿಪಡಿಸಿಕೊಳ್ಳುವುದೇ ನಡೆಯುತ್ತದೆ ಎಂದು ತೋರಿಸಿದ್ದಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಆ ರಾತ್ರಿಯೇ.

ಆಮೇಲೆ ಮಳೆಗಾಲದ ಒಂದು ಆಟಿ ತಿಂಗಳಲ್ಲಿ, ಕರೆಂಟು ಹೋದ ಸಂಜೆ, ಚಾವಡಿಯಲ್ಲಿ ಕುಳಿತು ಅವಳು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ನಾನೂ ಒಂದು ಚೂರಿ ಹಿಡಿದು ಎದುರಿಗೆ ಕುಳಿತೆ. ಕೆಂಪು ಸಿಪ್ಪೆ ನನಗೆ ಸರಿಯಾಗಿ ಕೆರೆಯಲು ಬರುತ್ತಿರಲಿಲ್ಲ. ಸುಮಾರು ಹೊತ್ತಿನ ಮೇಲೆ, ತಲೆ ಎತ್ತದೆಯೇ, ‘ತಮ್ಮ ಫೋನು ಎತ್ತುತ್ತಿಲ್ಲ’ ಎಂದಳು. ಎಷ್ಟು ಬಾಕಿ ಇದೆ, ಬಡ್ಡಿ ಎಷ್ಟು, ಯಾರ ಬಳಿ ಮಾತಾಡಬೇಕು ಎಂಬ ಬ್ಯಾಂಕಿನವನ ಪ್ರಶ್ನೆಗಳೆಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು, ‘ಎಷ್ಟು ದಿನವಾಯಿತು?’ ಎಂದಷ್ಟೇ ಕೇಳಿದೆ. ‘ಒಂಬತ್ತು’ ಎಂದಳು. ಅವಳು ದಿನಗಳನ್ನು ಎಣಿಸುತ್ತಿದ್ದಳು ಎಂಬುದು ಆಗ ತಿಳಿಯಿತು. ಬಟ್ಟಲು ಖಾಲಿಯಾಗುವ ಹೊತ್ತಿಗೆ ಉಳಿದುದನ್ನೂ ಹೇಳಿ ಮುಗಿಸಿದ್ದಳು. ಎದುರಾಬದುರು ಕುಳ್ಳಿರಿಸಿ ‘ಈಗ ಹೇಳು’ ಎಂದರೆ ವಿಚಾರಣೆಯಂತಾಗುತ್ತದೆ. ಕೈಗೆ ಕೆಲಸವಿದ್ದು, ಕಣ್ಣು ಆ ಕೆಲಸದ ಮೇಲಿದ್ದಾಗ ಬರುವ ಮಾತೇ ಬೇರೆ. ಬೈಕಿನಲ್ಲಿ ಹಿಂದೆ ಕುಳಿತಾಗ, ಪಣಂಬೂರಿನ ಮರಳಿನಲ್ಲಿ ನಡೆಯುವಾಗ ನಿಮ್ಮ ಹೆಂಡತಿ ಏನಾದರೂ ಹೇಳಲು ತೊಡಗಿ ನಿಲ್ಲಿಸಿದ್ದುಂಟೇ ಎಂದು ಯೋಚಿಸಿ ನೋಡಿ.

ಜಗಳದ ಬಗ್ಗೆ ಒಂದೇ ಮಾತು. ಎದೆ ಬಡಿತ ನಿಮಿಷಕ್ಕೆ ನೂರು ದಾಟಿದಾಗ ಮನುಷ್ಯನಿಗೆ ಎದುರಿನವರ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ ಎಂದೂ, ತಣಿಯಲು ಕನಿಷ್ಠ 20 ನಿಮಿಷವಾದರೂ ಬೇಕೆಂದೂ ಗಾಟ್ಮನ್ ಹೇಳುತ್ತಾರೆ. ನಂಬಿ ಹೇಳಿದ ಮಾತು ಕತ್ತಿಯಾಗುವುದು ಇಂಥ ಹೊತ್ತಿನಲ್ಲಿಯೇ. ಎದ್ದು ಹೋಗಿ, ಆದರೆ ‘ಊಟವಾದ ಮೇಲೆ ಮಾತಾಡೋಣ’ ಎಂದು ಹೇಳಿ ಹೋಗಿ, ಮತ್ತು ಊಟವಾದ ಮೇಲೆ ನೀವಾಗಿಯೇ ಮಾತು ತೆಗೆಯಿರಿ. ಹೇಳದೆ ಹೊರಟುಹೋಗುವುದೂ, ವಾರಗಟ್ಟಲೆ ಮೌನವಾಗಿರುವುದೂ ಶಿಕ್ಷೆಯೇ ಆಗುತ್ತದೆ.

ಮೇಲಿನದೆಲ್ಲ ಹೆಂಡತಿಗೆ ಗಂಡನ ಭಯವಿಲ್ಲದ ಮನೆಗಳ ಮಾತು ಎಂಬುದನ್ನು, ಇದನ್ನು ಓದಬಹುದಾದ ಇತರರಿಗಾಗಿ, ಸ್ಪಷ್ಟಪಡಿಸುತ್ತೇನೆ. ಬೆದರಿಕೆ, ಹೊಡೆತ ಇರುವಲ್ಲಿ ‘ನಂಬಿ ಹೇಳಿಕೊಳ್ಳಿ’ ಎಂಬ ಸಲಹೆಯೇ ಅಪಾಯಕಾರಿ. ಅಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆಯೂ, 181 ಮಹಿಳಾ ಸಹಾಯವಾಣಿಯೂ ಇವೆ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕಚೇರಿಯ ಕಿರುಕುಳದಿಂದ ನೊಂದಿರುವ ನಿಮ್ಮ ಹೆಂಡತಿಗೂ ಅದು ಉಪಯೋಗಕ್ಕೆ ಬರಬಹುದು.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಹೇಳಿ, ಆದಷ್ಟು ಬೇಗ ಹೇಳಿ. ತಿಳಿಯದವರಂತೆ ನಟಿಸುತ್ತ ಅವರ ಬಾಯಿಂದ ಹೊರಡಿಸಲು ನೋಡಿದರೆ, ನಿಜ ಬಯಲಾದ ದಿನ ಅವರು ಈ ತಿಂಗಳ ನಿಮ್ಮ ಪ್ರತಿಯೊಂದು ಒಳ್ಳೆಯ ಮಾತನ್ನೂ ಮತ್ತೆ ತೂಗಿ ನೋಡುತ್ತಾರೆ. ಚಿಕ್ಕಮ್ಮನ ಮಗಳ ಮೇಲೆ ತಪ್ಪು ಹೊರಿಸಬೇಡಿ. ಅವರು ಕಾಳಜಿಯಿಂದ ಹೇಳಿದ್ದಾರೆ, ಮತ್ತು ನಿಮ್ಮ ಹೆಂಡತಿಗೆ ಈಗ ಇರುವ ಒಂದೇ ಆಸರೆ ಅವರು. ‘ನನಗೆ ಯಾಕೆ ಹೇಳಲಿಲ್ಲ’ ಎಂಬ ಮೂರು ಶಬ್ದಗಳನ್ನು ದಯವಿಟ್ಟು ಬಳಸಬೇಡಿ. ‘ಕಚೇರಿಯ ವಿಷಯ ನನಗೆ ತಿಳಿಯಿತು, ನಿನ್ನ ತಂಗಿ ಹೇಳಿದಳು, ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ, ನೀನು ಹೇಳಬೇಕೆಂದೂ ಇಲ್ಲ, ಹೇಳಿದರೆ ಕೇಳುತ್ತೇನೆ’ ಎಂದಷ್ಟು ಹೇಳಿ ನಿಲ್ಲಿಸಿ. ಆ ದಿನವೂ ‘ದಾಲ ಇಜ್ಜಿ’ ಎಂದೇ ಉತ್ತರ ಬರಬಹುದು. ನನಗೆ ಆ ಉತ್ತರ, ಅಕ್ಕನ ಮನೆಗೆ ಹೋಗಿ ಬಂದ ಬಳಿಕವೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬರುತ್ತಲೇ ಇತ್ತು.