ಯಜಮಾನ ಸತ್ತ ಮನೆಯಲ್ಲಿ ಒಲೆ ಯಾರದು?

ಪ್ರಶ್ನೆ: 1750ರ ಸುಮಾರಿನ ಮ್ಯಾಸಚೂಸೆಟ್ಸ್‌ನ ರೈತ ಕುಟುಂಬವೊಂದನ್ನು ಇಟ್ಟುಕೊಂಡು ನಾಟಕ ಬರೆಯುತ್ತಿದ್ದೇನೆ. ಅಪ್ಪ ಉಯಿಲು ಮಾಡದೆ ಸಾಯುತ್ತಾನೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಎರಡನೆಯ ಅಂಕದಲ್ಲಿ ಮನೆ ಯಾರ ಕೈಗೆ ಹೋಗಬೇಕು?

ಉತ್ತರ: ಯಾರೊಬ್ಬರ ಕೈಗೂ ಪೂರ್ತಿ ಹೋಗುವುದಿಲ್ಲ. ನಿಮ್ಮ ನಾಟಕಕ್ಕೆ ಅದೇ ಅನುಕೂಲ.

ಮೊದಲು ಆ ತಾಯಿ ಕೌಂಟಿಯ (ಜಿಲ್ಲೆಯಂಥ ವಿಭಾಗ) ಪ್ರೊಬೇಟ್ ನ್ಯಾಯಾಧೀಶರ, ಅಂದರೆ ಸತ್ತವರ ಆಸ್ತಿಯ ವಿಚಾರ ನೋಡುವವರ ಮುಂದೆ ಹೋಗಿ ಆಸ್ತಿಯ ಆಡಳಿತ ಪತ್ರ ಪಡೆಯಬೇಕು. ಜಾಮೀನುದಾರರನ್ನು ನಿಲ್ಲಿಸಿ ಬಾಂಡ್ ಬರೆದುಕೊಡಬೇಕು. ಆಮೇಲೆ ಬರುವವರು ಮೌಲ್ಯಮಾಪಕರು, ಸಾಮಾನ್ಯವಾಗಿ ನೆರೆಹೊರೆಯ ಮೂವರು. ಕೋಣೆ ಕೋಣೆ ಹೊಕ್ಕು ಹಸು, ನೇಗಿಲು, ಹಿತ್ತಾಳೆ ಹಂಡೆ, ಒಡೆದ ಕುರ್ಚಿಯವರೆಗೆ ಎಲ್ಲದಕ್ಕೂ ಬೆಲೆ ಕಟ್ಟುತ್ತಾರೆ. ಪಟ್ಟಿಯಲ್ಲಿ ‘ಬೆಡ್’ ಅಂದರೆ ಮಂಚವಲ್ಲ, ಹಾಸಿಗೆ. ಮಂಚಕ್ಕೆ ಬೇರೆ ಹೆಸರಿತ್ತು. ಗರಿ ತುಂಬಿದ ಹಾಸಿಗೆ ಎಷ್ಟೋ ಮನೆಗಳಲ್ಲಿ ತೀರಾ ಬೆಲೆಬಾಳುವ ಸಾಮಾನುಗಳಲ್ಲೊಂದು. ಗಂಡ ಕೊನೆಯುಸಿರೆಳೆದ ಹಾಸಿಗೆಯನ್ನು ಪಕ್ಕದ ಮನೆಯವನು ಒತ್ತಿ ನೋಡಿ ಬೆಲೆ ಹೇಳುವ ದೃಶ್ಯವನ್ನು ದಯವಿಟ್ಟು ಬಿಡಬೇಡಿ.

ಸಾಲ ತೀರಿಸುವುದು ಮೊದಲು ಚರಾಸ್ತಿಯಿಂದ. ಅದು ಸಾಲದಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಜಮೀನು ಮಾರಬೇಕು. ಸಾಲ ಕಳೆದು 90 ಪೌಂಡಿನ ಚರಾಸ್ತಿ ಉಳಿಯಿತು ಅನ್ನಿ. ತಾಯಿಗೆ ಮೂರನೆಯ ಒಂದು ಪಾಲು, 30 ಪೌಂಡು. ಅದು ಅವಳ ಸ್ವಂತದ್ದು. ಉಳಿದ 60ನ್ನು ನಾಲ್ಕು ಪಾಲು ಮಾಡಬೇಕು. ಹಿರಿಮಗನಿಗೆ ಎರಡು ಪಾಲು ಸೇರಿ 30, ಕಿರಿಮಗನಿಗೆ 15, ಮಗಳಿಗೆ 15. ಹಿರಿಮಗನಿಗೆ ಎರಡು ಪಾಲು ಕೊಡುವ ಪದ್ಧತಿ ಅಲ್ಲಿ 1789ರವರೆಗೂ ನಡೆಯಿತು.

ತಕರಾರು ಹುಟ್ಟುವುದು ಜಮೀನಿನಲ್ಲಿ. ಅಲ್ಲೂ ತಾಯಿಗೆ ಮೂರನೆಯ ಒಂದು ಪಾಲು ಇದೆ, ಆದರೆ ಬದುಕಿರುವ ತನಕ ಅನುಭವಿಸುವ ಹಕ್ಕು ಮಾತ್ರ. ಇದಕ್ಕೆ ‘ಡವರ್’ ಎನ್ನುತ್ತಿದ್ದರು. ಜಮೀನನ್ನು ಮಾರುವಂತಿಲ್ಲ, ಒಲೆಗೆ ಸೌದೆ ತೆಗೆದುಕೊಳ್ಳಬಹುದು, ಮರ ಕಡಿದು ಮಾರಿದರೆ ಮಗ ದಾವೆ ಹೂಡಬಹುದು. ಮನೆಯನ್ನೂ ಹೀಗೆಯೇ ಹಂಚಿದರೆ ಕಾಗದದ ಒಕ್ಕಣೆ ಇಂಥದ್ದು: ಪಡುವಣ ಕೋಣೆ, ನೆಲಮಾಳಿಗೆಯ ಅರ್ಧ, ಬಾವಿಗೆ ಹೋಗುವ ದಾರಿ, ರೊಟ್ಟಿ ಸುಡುವ ಒಲೆಯನ್ನು ಬಳಸುವ ಹಕ್ಕು. ತಾನೇ ಉರಿಸಿಕೊಂಡು ಬಂದ ಒಲೆಗೆ ಕಾಗದದ ಹಕ್ಕು! ಸೊಸೆ ಬಂದ ಮೇಲೆ ಅದರ ಮುಂದೆ ಏನಾಗುತ್ತದೆಂದು ನಾವು ಹೇಳಬೇಕಿಲ್ಲ.

ಜಮೀನು ತುಂಡು ಮಾಡಿದರೆ ಕೆಡುತ್ತದೆ ಎನಿಸಿದರೆ ನ್ಯಾಯಾಲಯ ಅದನ್ನು ಹಿರಿಮಗನಿಗೇ ಒಪ್ಪಿಸಿ, ತಮ್ಮ ತಂಗಿಯರ ಪಾಲನ್ನು ಹಣದಲ್ಲಿ ಕೊಡಲು ಹೇಳಬಹುದಿತ್ತು. ಹೆಸರಿಗೆ ಭೂಮಾಲೀಕ; ಆದರೆ ಒಡಹುಟ್ಟಿದವರಿಗೇ ಸಾಲಗಾರ.

ಇನ್ನೊಂದು ಎಚ್ಚರಿಕೆ. 1750ರಲ್ಲಿ ಆ ವಸಾಹತು ತನ್ನ ಹಳೆಯ ಕಾಗದದ ನೋಟುಗಳನ್ನು ಬೆಳ್ಳಿ ಕೊಟ್ಟು ಹಿಂಪಡೆಯಿತು. ಹಳೆಯ ನೋಟಿನ 7.5 ಪೌಂಡು ಹೊಸ ಲೆಕ್ಕದ 1 ಪೌಂಡಿಗೆ ಸಮ. ಹಳೆಯ ಲೆಕ್ಕದ ಮತ್ತು ಹೊಸ ಲೆಕ್ಕದ ಪಟ್ಟಿಗಳ ಬೆಲೆಗಳನ್ನು ಬೆರೆಸಿದರೆ ನಿಮ್ಮ ಹಸು ಕುದುರೆಗಿಂತ ದುಬಾರಿಯಾದೀತು.

ಪ್ರಶ್ನೆ: ತಾಯಿ ಬದುಕಿದ್ದರೂ ದಾಖಲೆಗಳಲ್ಲಿ ಮಕ್ಕಳನ್ನು ‘ಅನಾಥರು’ ಎಂದಿರುವುದೇಕೆ?

ಉತ್ತರ: ಕಾನೂನಿನ ಕಣ್ಣಿಗೆ ಅಪ್ಪನಿಲ್ಲದ ಮಗುವೇ ಅನಾಥ. ಮಗುವಿಗೆ ಆಸ್ತಿಯಿದ್ದರೆ ಪೋಷಕನೊಬ್ಬ ಬೇಕು. 14 ತುಂಬದವರಿಗೆ ನ್ಯಾಯಾಧೀಶರೇ ನೇಮಿಸುತ್ತಿದ್ದರು. 14 ದಾಟಿದವರು ತಾವೇ ಆರಿಸಿ ಒಪ್ಪಿಗೆ ಪಡೆಯಬಹುದಿತ್ತು. ತಾಯಿಗೂ ಆ ಸ್ಥಾನ ಸಿಗಬಹುದಿತ್ತು, ತಾನಾಗಿ ಮಾತ್ರ ಅಲ್ಲ. ಗತಿಯಿಲ್ಲದ ಮನೆಯ ಮಕ್ಕಳನ್ನು ಊರಿನ ಬಡವರ ಮೇಲ್ವಿಚಾರಕರು ಬೇರೆಯವರ ಮನೆಗೆ ಕರಾರಿನ ಮೇಲೆ ಕೆಲಸಕ್ಕೆ ಬಿಡುತ್ತಿದ್ದರು. ಹುಡುಗರಿಗೆ 21ರವರೆಗೆ, ಹುಡುಗಿಯರಿಗೆ 18 ಅಥವಾ ಮದುವೆಯವರೆಗೆ.

ಪ್ರಶ್ನೆ: ವರ್ಜೀನಿಯಾದಲ್ಲೂ ಇದೇ ಪದ್ಧತಿಯೇ?

ಉತ್ತರ: ಇಲ್ಲ. ಅಲ್ಲಿ ಉಯಿಲಿಲ್ಲದಿದ್ದರೆ ಜಮೀನೆಲ್ಲ ಹಿರಿಮಗನಿಗೆ. ವಿಧವೆಯ ಮೂರನೆಯ ಪಾಲು ಮಾತ್ರ ಅವಳು ಬದುಕಿರುವಷ್ಟು ದಿನ ಅವಳದು. ಉಯಿಲಿದ್ದರೂ ಎಲ್ಲ ಸಲೀಸಲ್ಲ. 1743ರಲ್ಲಿ ಅಪ್ಪ ತೀರಿಕೊಂಡಾಗ ಜಾರ್ಜ್ ವಾಷಿಂಗ್ಟನ್‌ಗೆ 11 ವರ್ಷ. ಕುಟುಂಬ ವಾಸವಾಗಿದ್ದ ಫೆರಿ ಫಾರ್ಮ್ ಎಂಬ ಜಮೀನು ಅವನ ಹೆಸರಿಗೆ ಬಂತು, ಅವನಿಗೆ 21 ಆಗುವವರೆಗೆ ತಾಯಿ ಮೇರಿಯ ಸುಪರ್ದಿನಲ್ಲಿ. ಆತನಿಗೆ 21 ಆದದ್ದು 1753ರಲ್ಲಿ. ತಾಯಿ ಅಲ್ಲಿಂದ ಹೊರಟದ್ದು 1772ರಲ್ಲಿ.

1705ರ ಕಾಯ್ದೆ ಗುಲಾಮರನ್ನು ಜಮೀನಿನ ಸಾಲಿಗೆ ಸೇರಿಸಿದ್ದರಿಂದ ವಿಧವೆಯ ಮೂರನೆಯ ಪಾಲಿನಲ್ಲಿ ಮನುಷ್ಯರೂ ಬರುತ್ತಿದ್ದರು. ವರ್ಜೀನಿಯಾದ ಶ್ರೀಮಂತ ಜಮೀನ್ದಾರ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲು ಮಾಡದೆ ಸತ್ತ. 26ರ ವಿಧವೆ ಮಾರ್ಥಾ ಆ ಪಾಲಿನೊಂದಿಗೆ 1759ರಲ್ಲಿ ವಾಷಿಂಗ್ಟನ್ನನನ್ನು ಮದುವೆಯಾದಳು. 1799ರಲ್ಲಿ ವಾಷಿಂಗ್ಟನ್ನನ ಎಸ್ಟೇಟ್ ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರಲ್ಲಿ 153 ಮಂದಿ ಈ ಕಸ್ಟಿಸ್ ಪಾಲಿನವರು. ವಾಷಿಂಗ್ಟನ್ ಉಯಿಲಿನಲ್ಲಿ ಬಿಡುಗಡೆ ಬರೆದದ್ದು ತನ್ನವರಿಗೆ ಮಾತ್ರ. ಕಸ್ಟಿಸ್ ಪಾಲಿನವರ ಮೇಲೆ ಅವನಿಗೆ ಆ ಅಧಿಕಾರವೇ ಇರಲಿಲ್ಲ. ಅಷ್ಟರಲ್ಲಿ ಎರಡೂ ಕಡೆಯವರ ನಡುವೆ ಮದುವೆಗಳಾಗಿದ್ದವು. ಗಂಡ ಬಿಡುಗಡೆಯಾದ, ಹೆಂಡತಿ ಮಕ್ಕಳು 1802ರಲ್ಲಿ ಮಾರ್ಥಾ ಸತ್ತ ಮೇಲೆ ಕಸ್ಟಿಸ್ ವಾರಸುದಾರರ ನಡುವೆ ಹಂಚಿಹೋದರು.